ಉಲ್ಲನ್ ಸೊಂಡಿಲು

ಆನೆಯ ತಲೆಯನ್ನು ಹಸು ತಿನ್ನುತ್ತಿದೆ ಎಂದು ಮಕ್ಕಳು ಓಡಿ ಬಂದು ಹೇಳಿದಾಗ ಸ್ಮೃತಿ ಏಳನೇ ತರಗತಿಯ ಕಪ್ಪು ಹಲಗೆಯ ಮೇಲೆ ಭಿನ್ನರಾಶಿ ಬರೆಯುತ್ತಿದ್ದಳು. ಸೀಮೆಸುಣ್ಣವನ್ನು ಕೈಯಲ್ಲಿ ಹಿಡಿದೇ ಶಾಲೆಯ ಹಿಂಬದಿಗೆ ಓಡಿದಳು. ಜಗಲಿಯ ಮೇಲೆ ಒಣಗಲು ಇಟ್ಟಿದ್ದ ಕಾಗದದ ಆನೆಮುಖದ ಮುಂದೆ ಪಕ್ಕದ ಮನೆಯ ಹಸು ನೆಮ್ಮದಿಯಾಗಿ ನಿಂತಿತ್ತು. ಸೊಂಡಿಲು ಪೂರ್ತಿ ಅದರ ಹೊಟ್ಟೆ ಸೇರಿತ್ತು. ಒಂದು ಕಿವಿ ಬಾಯಲ್ಲಿತ್ತು. ಹಳೆಯ ಪೇಪರನ್ನು ಮೈದಾ ಅಂಟಿನಲ್ಲಿ ನೆನೆಸಿ ಪದರ ಪದರವಾಗಿ ಕಟ್ಟಿದ್ದ ಮುಖ ಅದು. ಹಸುವಿಗೆ ಹಿಡಿಸಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ತಮಿಳುನಾಡಿನ ಡೆಂಕಣಿಕೋಟೆ ಪಕ್ಕದ ಆ ಸರ್ಕಾರಿ ಶಾಲೆಯ ಕನ್ನಡ ಮಕ್ಕಳು ಮೊದಲ ಸಲ ಜಿಲ್ಲಾ ಮಟ್ಟದ ನಾಟಕ ಸ್ಪರ್ಧೆಗೆ ಆಯ್ಕೆಯಾಗಿದ್ದರು. ಸ್ಪರ್ಧೆ ಮರುದಿನ ಮಧ್ಯಾಹ್ನ, ಕೃಷ್ಣಗಿರಿಯಲ್ಲಿ. ನಾಟಕ ಬರೆದವಳು ಸ್ಮೃತಿ. ರಾಗಿ ಹೊಲಕ್ಕೆ ನುಗ್ಗಿದ ತಾಯಿ ಆನೆಯನ್ನು ಊರವರು ಡಬ್ಬ ಬಡಿದು ಓಡಿಸಲು ನೋಡುತ್ತಾರೆ, ಅದು ಕದಲುವುದಿಲ್ಲ. ಅದರ ಮರಿ ಹೊಲದಂಚಿನ ಗುಂಡಿಗೆ ಬಿದ್ದಿದೆ ಎಂದು ಒಬ್ಬ ಹುಡುಗಿಗೆ ಹೊಳೆಯುತ್ತದೆ. ಮಣ್ಣು ಕೆಡವಿ ಮರಿಗೆ ದಾರಿ ಮಾಡಿಕೊಟ್ಟ ಮೇಲೆ ತಾಯಿ ಆನೆ ಒಂದು ಸಲ ತಿರುಗಿ ನಿಂತು ಸೊಂಡಿಲೆತ್ತಿ ಕಾಡಿಗೆ ಹೋಗುತ್ತದೆ. ಆನೆಗೆ ಒಂದು ಮಾತೂ ಇರಲಿಲ್ಲ. ಆದರೆ ನಾಟಕವೆಲ್ಲ ಆನೆಯ ಮೇಲೇ ನಿಂತಿತ್ತು.

ಆನೆಯ ಪಾತ್ರ ಹರ್ಷಿತಾಳದು. ಕಾಡಂಚಿನಲ್ಲಿ ಹೊಲವಿದ್ದ ಮನೆಯ ಹುಡುಗಿ, ಏಳನೇ ತರಗತಿಯಲ್ಲೇ ಎತ್ತರದವಳು. ಅವಳು ಹಸುವಿನ ಬಾಯಿಂದ ಕಿವಿಯ ಚೂರನ್ನು ಎಳೆದು ತಂದು ಟೀಚರ್ ಕೈಗಿಟ್ಟಳು.

ಮುಖ್ಯೋಪಾಧ್ಯಾಯ ರಾಮಮೂರ್ತಿ ಬಂದು ನೋಡಿದರು. "ಇನ್ನೊಂದು ಮಾಡಕಾಗಲ್ವಾ ಟೀಚರ್?"

"ಇದು ಒಣಗೋಕೇ ಎಷ್ಟು ದಿನ ಹಿಡೀತು ಸರ್. ಈ ಮೋಡದಾಗೆ ನಾಳೆ ಹೊತ್ತಿಗೆ ಒಣಗಲ್ಲ."

"ಬರಿ ಬಣ್ಣ ಬಳ್ಕೊಂಡು ಆಡಿದ್ರೆ?"

ಸ್ಮೃತಿ ಹರ್ಷಿತಾಳ ಮುಖ ನೋಡಿದಳು. "ಇಲ್ಲ ಸರ್. ಆನೆ ಇರುತ್ತೆ. ನೀವು ವ್ಯಾನ್‌ಗೆ ಹೇಳಿರಿ. ನಾನು ಹೊಸೂರಿಂದ ಬಂದು ಉದ್ದನಪಲ್ಲಿಯಲ್ಲಿ ಹತ್ಕೋತೀನಿ, ಆನೆ ಜೊತೆ."

ಹೇಗೆ ಎಂದು ಅವಳಿಗೇ ಗೊತ್ತಿರಲಿಲ್ಲ. ಹೊಸೂರಿನ ಬಸ್ಸಿನಲ್ಲಿ ಕೂತು ರಟ್ಟು, ಬಟ್ಟೆ, ಸೈಕಲ್ ಟ್ಯೂಬು ಎಂದು ಒಂದೊಂದನ್ನೇ ಯೋಚಿಸಿ ಒಂದೊಂದನ್ನೇ ಬಿಟ್ಟಳು. ರಟ್ಟು ಸೆಟೆದು ನಿಲ್ಲುತ್ತದೆ. ಬಟ್ಟೆ ಜೋತು ಬೀಳುತ್ತದೆ. ಟ್ಯೂಬು ಟ್ಯೂಬಿನ ಹಾಗೇ ಕಾಣುತ್ತದೆ.

ಮನೆ ತಲುಪಿದಾಗ ಮಹಡಿಯ ಮೆಟ್ಟಿಲ ಮೇಲೆ ಉಷಾರಾಣಿ ಕೂತಿದ್ದಳು. ಮಧುಗಿರಿ ಕಡೆಯ ಹುಡುಗಿ. ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಕೆಲಸ, ತಮ್ಮ ಪ್ರಮೋದನ ಜೊತೆ ಸ್ಮೃತಿಯ ಮನೆಯ ಮೇಲಿನ ಕೋಣೆಗಳಲ್ಲಿ ಬಾಡಿಗೆಗಿದ್ದಳು. ಬೆಳಗಿನ ಶಿಫ್ಟು ಮುಗಿಸಿ ಬಂದವಳು ಕೈ ಸುಮ್ಮನಿರದೆ ತಮ್ಮನಿಗೆಂದು ಕೆಂಪು ಮಫ್ಲರ್ ಹೆಣೆಯುತ್ತಿದ್ದಳು. ಹೆಣೆದಷ್ಟು ಭಾಗ ಅವಳ ಮೊಣಕಾಲಿನಿಂದ ಕೆಳಗಿನ ಮೆಟ್ಟಿಲಿಗೆ ಇಳಿಬಿದ್ದಿತ್ತು. ಮೈತುಂಬ ಅಡ್ಡ ಅಡ್ಡ ಮಡಿಕೆ. ಕಡ್ಡಿ ಆಡಿದ ಹಾಗೆಲ್ಲ ಅದರ ತುದಿ ಅತ್ತಿಂದಿತ್ತ ತೂಗುತ್ತಿತ್ತು, ಏನನ್ನೋ ಮೂಸಿ ನೋಡುವ ಹಾಗೆ.

ಸ್ಮೃತಿ ಚಪ್ಪಲಿ ಬಿಡುವುದನ್ನೂ ಮರೆತು ಅಲ್ಲೇ ನಿಂತಳು. "ಉಷಾ, ಅದು ಸೊಂಡಿಲು."

"ಮಫ್ಲರ್ ಅಕ್ಕ."

"ಇಲ್ಲ. ನೋಡು ಹೆಂಗೆ ಅಲ್ಲಾಡ್ತೈತೆ. ಇದೇ ತರ ಬೂದು ಬಣ್ಣದಾಗೆ ಒಂದು ಸೊಂಡಿಲು, ಎರಡು ಕಿವಿ, ನಾಳೆ ಬೆಳಿಗ್ಗೆಗೆ ಆಗುತ್ತಾ?"

ಉಷಾರಾಣಿ ಕಡ್ಡಿ ನಿಲ್ಲಿಸಿ ಹಸುವಿನ ಕಥೆಯನ್ನೆಲ್ಲ ಕೇಳಿದಳು. ಮೊದಲು ನಕ್ಕಳು. ಆಮೇಲೆ ಅವಳ ಮುಖ ಬೇರೆಯಾಯಿತು. ಫ್ಯಾಕ್ಟರಿಯಲ್ಲಿ ತುರ್ತು ಆರ್ಡರು ಬಂದಾಗ ಲೈನಿನ ಹುಡುಗಿಯರನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ಮಾತಾಡುವವಳು ಅವಳೇ.

"ತಲೆ ಹೆಣೆಯಾದು ಬ್ಯಾಡ," ಎಂದಳು. "ಅದಕ್ಕೇ ಅರ್ಧ ಟೈಮ್ ಹೋಗ್ಬುಡ್ತದೆ. ಮಂಕಿ ಕ್ಯಾಪ್ ಇದ್ರೆ ಅದರ ಹಣೆಗೆ ಸೊಂಡಿಲು, ಪಕ್ಕಕ್ಕೆ ಕಿವಿ ಹೊಲಿಯಣ. ದಪ್ಪ ಕಡ್ಡಿ, ಎರಡೆರಡು ಎಳೆ ಸೇರಿಸಿ ಹೆಣೆದ್ರೆ ಬೇಗ ಬೆಳೀತದೆ. ಎಲ್ಲ ಸಾಲೂ ಸೀದಾ ಹೆಣಿಗೆ, ಅದಕ್ಕೇ ಈ ಮಡಿಕೆ ಬರಾದು. ನಾಳೆ ನನ್ನ ಶಿಫ್ಟು ಯಾರಿಗಾದ್ರೂ ಒಪ್ಪಿಸ್ತೀನಿ. ಉಲ್ಲನ್ ಎಲ್ಲಿ?"

ಉಲ್ಲನ್ ಇರಲಿಲ್ಲ. ಇಬ್ಬರೂ ಪೇಟೆಗೆ ಹೋಗಿ ಬಂದರು. ಅಂಗಡಿಗಳಲ್ಲಿ ಮಕ್ಕಳ ಬಣ್ಣಗಳೇ ಇದ್ದವು, ತಿಳಿ ಗುಲಾಬಿ, ಹಳದಿ, ಗಿಳಿ ಹಸಿರು. ಬೂದು ಬಣ್ಣ ಬೇಕಿದ್ದರೆ ಬೆಂಗಳೂರಿನಿಂದ ತರಿಸಿಕೊಡುತ್ತೇನೆ, ಎರಡು ದಿನ ಬೇಕು ಎಂದು ಅಂಗಡಿಯವನು ತಮಿಳಿನಲ್ಲಿ ಹೇಳಿದ. ಗುಲಾಬಿ ಆನೆಯನ್ನು ಡೆಂಕಣಿಕೋಟೆಯ ಮಕ್ಕಳ ಮುಂದೆ ಹಿಡಿಯುವ ಧೈರ್ಯ ಸ್ಮೃತಿಗಿರಲಿಲ್ಲ.

ಬರಿಗೈಯಲ್ಲಿ ಬಂದವರನ್ನು ಸ್ಮೃತಿಯ ತಾಯಿ ಅಂಬುಜಮ್ಮ ಬಾಗಿಲಲ್ಲೇ ವಿಚಾರಿಸಿದರು. ಎಲ್ಲ ಕೇಳಿ, "ಬೂದು ಉಲ್ಲನ್ ತಾನೆ? ಮನೆಯಾಗೇ ಐತೆ," ಎಂದರು.

"ಎಲ್ಲಮ್ಮಾ?"

"ನಿಮ್ಮಪ್ಪನ ಮೈ ಮೇಲೆ."

ಅಪ್ಪಣ್ಣ ವರಾಂಡದಲ್ಲಿ ಕೂತು ಟೀ ಕುಡಿಯುತ್ತಿದ್ದರು. ತಾಲ್ಲೂಕು ಕಚೇರಿಯಿಂದ ನಿವೃತ್ತರಾದ ಮೇಲೆ ಮಾರ್ಗಳಿ ತಿಂಗಳ, ಅಂದರೆ ಧನುರ್ಮಾಸದ, ಚಳಿ ಮುಗಿಯುವವರೆಗೂ ಅವರು ಆ ಸ್ವೆಟರನ್ನು ಸ್ನಾನಕ್ಕೆ ಮಾತ್ರ ಬಿಚ್ಚುತ್ತಿದ್ದರು. ಮದುವೆಯಾದ ಹೊಸತರಲ್ಲಿ ಅಂಬುಜಮ್ಮ ಹೆಣೆದದ್ದು. ಮೊಣಕೈ ಸವೆದಿತ್ತು, ಕುತ್ತಿಗೆ ಜೋಲುತ್ತಿತ್ತು. ಮೂರು ಹೆಂಗಸರು ಎದುರಿಗೆ ಬಂದು ತಮ್ಮ ಎದೆಯನ್ನೇ ನೋಡುತ್ತ ನಿಂತದ್ದು ಕಂಡು ಅವರು ಲೋಟ ಕೆಳಗಿಟ್ಟರು.

"ಏನಾಯ್ತು?"

"ಸ್ವೆಟರ್ ಬಿಚ್ಚು," ಎಂದರು ಅಂಬುಜಮ್ಮ. "ಆನೆ ಮಾಡಬೇಕು."

ಅಪ್ಪಣ್ಣ ಒಬ್ಬೊಬ್ಬರ ಮುಖವನ್ನೂ ನೋಡಿದರು. ಸ್ಮೃತಿ ವಿವರಿಸಿದಳು. ಅವರು ಸವೆದ ಮೊಣಕೈಯನ್ನು ಸವರಿಕೊಂಡರು. "ಬೇರೆ ಏನೂ ಸಿಕ್ಲಿಲ್ವಾ ನಿಮಗೆ?"

"ಸಿಕ್ಲಿಲ್ಲ ಅಪ್ಪ. ನಿಂಗೆ ಇಷ್ಟ ಇಲ್ದಿದ್ರೆ ಬ್ಯಾಡ."

"ಇಷ್ಟ ಇಲ್ಲ," ಎಂದರು ಅಪ್ಪಣ್ಣ. ಎದ್ದು ಎರಡೂ ಕೈ ಮೇಲೆತ್ತಿದರು. "ಎಳೀರಿ. ನಾನು ಕಣ್ಣು ಮುಚ್ಕೋತೀನಿ."

ಆಮೇಲೆ ಮನೆಗೆ ಮದುವೆ ಮನೆಯ ಕಳೆ ಬಂತು. ಅಂಬುಜಮ್ಮ ಪಕ್ಕದ ಹೊಲಿಗೆಗಳನ್ನು ಕತ್ತರಿಸಿ ಮುಂಭಾಗ, ಹಿಂಭಾಗ, ತೋಳುಗಳನ್ನು ಬಿಡಿಸಿದರು. ತಾವೇ ಮುಗಿಸಿದ್ದ ಅಂಚಿನಲ್ಲಿ ಕೊನೆಯ ಗಂಟು ಹುಡುಕಿ ಎಳೆದರೆ ದಾರ ಸರಸರನೆ ಬಂತು. ಒಂದು ಸಾಲು ಮುಗಿದರೆ ಇನ್ನೊಂದು. ಅಪ್ಪಣ್ಣನಿಗೆ ಅದು ಎಷ್ಟು ಹಿಡಿಸಿತೆಂದರೆ ಕಣ್ಣು ಮುಚ್ಚಿಕೊಳ್ಳುವ ಮಾತು ಮರೆತು ತೋಳುಗಳೆರಡನ್ನೂ ತಾವೇ ಬಿಚ್ಚಿದರು, ಉಂಡೆ ಸುತ್ತಿದರು. ವರ್ಷಗಟ್ಟಲೆ ಹೆಣಿಗೆಯಲ್ಲೇ ಇದ್ದ ದಾರ ಶಾವಿಗೆಯ ಹಾಗೆ ಗುಂಗುರು ಗುಂಗುರಾಗಿತ್ತು. ನೀರಿಗೆ ಹಾಕಿ ಒಣಗಿಸಿದರೆ ನೆಟ್ಟಗಾಗುತ್ತದೆ ಎಂದು ಅಂಬುಜಮ್ಮ ಹೇಳಿದರು. ಉಷಾರಾಣಿ ಬೇಡವೆಂದು ತಲೆಯಾಡಿಸಿದಳು. "ಇರಲಿ ಅಮ್ಮಾರೇ. ಆನೆ ಚರ್ಮ ಏನು ನುಣ್ಣಗಿರ್ತದಾ?"

ದಪ್ಪ ಕಡ್ಡಿ ಉಷಾರಾಣಿಯ ಹತ್ತಿರ ಒಂದೇ ಜೊತೆ ಇತ್ತು. ಅದು ಸೊಂಡಿಲಿಗೆ. ಕಿವಿ ಹೆಣೆಯಲು ಸ್ಮೃತಿ ತನ್ನ ಚೀಲದಿಂದ ಎರಡು ಹೊಸ ಪೆನ್ಸಿಲ್ ತೆಗೆದು ಮೂತಿ ಕೆತ್ತಿಕೊಟ್ಟಳು, ಹಿಂದಿನ ತುದಿಗೆ ಕುಣಿಕೆ ಜಾರದ ಹಾಗೆ ರಬ್ಬರ್ ಬ್ಯಾಂಡ್ ಸುತ್ತಿದಳು. ಅಂಬುಜಮ್ಮ ಪೆನ್ಸಿಲ್ಲಿನಲ್ಲಿ ಎರಡು ಸಾಲು ಹೆಣೆದು ನೋಡಿ, "ಚೆನ್ನಾಗೇ ಓಡ್ತೈತೆ ಕಣೇ," ಎಂದರು. ಸೀಸದ ಮಸಿ ದಾರಕ್ಕೆ ಹತ್ತುತ್ತಿತ್ತು. ಬಣ್ಣ ಇನ್ನೂ ಆನೆಯ ಹತ್ತಿರಕ್ಕೇ ಬಂತು.

ಮೊದಲ ಸೊಂಡಿಲು ಕೆಟ್ಟಿತು. ಎರಡು ಎಳೆಯಲ್ಲಿ ಬೇಗ ಬೇಗ ಹೆಣೆದು, ಗೇಣುದ್ದ ಆದ ಮೇಲೆ ಎತ್ತಿ ಹಿಡಿದರೆ ಸಡಿಲ ಸಡಿಲವಾಗಿ ನೇತಾಡಿತು. ಅಪ್ಪಣ್ಣ ಕನ್ನಡಕ ಸರಿಮಾಡಿಕೊಂಡು, "ಕಾಲುಚೀಲ," ಎಂದರು. ಅದು ಕಾಲುಚೀಲವೇ ಆಗಿತ್ತು. ಉಷಾರಾಣಿ ಕಡ್ಡಿ ಎಳೆದುಬಿಟ್ಟು ಅಷ್ಟನ್ನೂ ಬಿಚ್ಚಿದಳು.

"ಮೂರು ಎಳೆ ಹಾಕ್ತೀನಿ," ಎಂದಳು ಉಷಾರಾಣಿ. "ಬಿಗಿಯಾಗ್ತದೆ. ಹಣೆ ಹತ್ರ ಅಗಲ ಇಟ್ಟು, ಹೋಗ್ತಾ ಹೋಗ್ತಾ ಎರಡು ಎರಡು ಕುಣಿಕೆ ಸೇರಿಸಿ ಸಣ್ಣ ಮಾಡ್ತೀನಿ. ದಾರ ಜಾಸ್ತಿ ತಿಂತದೆ, ಅದೊಂದೇ ಭಯ."

ಈ ಸಲ ಸೊಂಡಿಲು ಸೊಂಡಿಲಾಗಿಯೇ ಇಳಿಯಿತು. ಸಾಲು ಮುಗಿದ ಹಾಗೆಲ್ಲ ಒಂದೊಂದು ಮಡಿಕೆ. ಕಡ್ಡಿಗಳ ಟಿಕ್ ಟಿಕ್ ಸದ್ದು, ಅದರ ಪಕ್ಕದಲ್ಲಿ ಪೆನ್ಸಿಲ್ಲುಗಳ ಮೆತ್ತನೆಯ ಸದ್ದು. ಹೆಣೆಯಲು ಬಾರದ ಸ್ಮೃತಿ ಎಲ್ಲರಿಗೂ ಉಪ್ಪಿಟ್ಟು ಮಾಡಿ ತಂದಳು. ಎರಡೂ ಕೈ ಕೆಲಸದಲ್ಲಿದ್ದ ಉಷಾರಾಣಿಗೆ ಅಂಬುಜಮ್ಮ ತುತ್ತು ಮಾಡಿ ಬಾಯಿಗಿಟ್ಟರು. ರಾತ್ರಿ ಊಟದ ಹೊತ್ತಿಗೆ ತುದಿ ಮುಗಿಯಿತು. ಉದ್ದಕ್ಕೆ ಮಡಿಸಿ ಹೊಲಿದು ಕೊಳವೆ ಮಾಡಿದರು. ಅದನ್ನು ಅಪ್ಪಣ್ಣನ ಮಂಕಿ ಕ್ಯಾಪಿಗೆ ಪಿನ್ನು ಹಾಕಿ ಅವರ ತಲೆಗೇ ತೊಡಿಸಿದರು. ಅವರು ಮೂಗಿನ ಮೇಲೆ ಸೊಂಡಿಲು ಬಿಟ್ಟುಕೊಂಡು ಗಂಭೀರವಾಗಿ ಕೂತರು.

"ಈಗ ಇದು ಮೇಲಕ್ಕೆ ಎದ್ರೆ," ಎಂದಳು ಸ್ಮೃತಿ. ಕಾಗದದ ಮುಖದಲ್ಲಿ ಅದು ಸಾಧ್ಯವಿರಲಿಲ್ಲ. ಹರ್ಷಿತಾ ಕೊನೆಯ ದೃಶ್ಯದಲ್ಲಿ ಸೊಂಡಿಲಿನ ಬದಲು ಕೈಯೆತ್ತುತ್ತಿದ್ದಳು. ಸ್ಮೃತಿ ಮೆತ್ತನೆಯ ಕೊಳವೆಯನ್ನು ಹಿಡಿದು ಹಿಂದಕ್ಕೆ ಸರಿಸಿದಳು. ಅದು ಮಡಿಕೆ ಮಡಿಕೆಯಾಗಿ ಕುಗ್ಗಿ ಮೇಲಕ್ಕೆ ಬಾಗಿತು. ಅವಳು ತಾಯಿಯ ಕಡೆ ತಿರುಗಿದಳು. "ಅಮ್ಮಾ, ಲಂಗದ ಲಾಡಿ ಎಳೆದ್ರೆ ಬಟ್ಟೆ ಹೆಂಗೆ ನೆರಿಗೆ ಆಗುತ್ತೆ? ಇದರ ಮೇಲ್ಭಾಗದಾಗೆ, ಒಳಗಡೆಯಿಂದ ಒಂದು ಲಾಡಿ ಪೋಣಿಸಿದ್ರೆ?"

ಅಂಬುಜಮ್ಮ ಎದ್ದು ಹೋಗಿ ತಮ್ಮ ಹೊಸ ಲಂಗದ ಲಾಡಿಯನ್ನೇ ಕಿತ್ತು ತಂದರು. ಪಿನ್ನಿಗೆ ಕಟ್ಟಿ ತುದಿಯಿಂದ ಹಣೆಯವರೆಗೆ ಮಡಿಕೆಗಳ ನಡುವೆ ತೂರಿಸಿ, ಟೋಪಿಯ ಹಿಂದಿನಿಂದ ಹೊರಗೆ ತೆಗೆದರು. ಸ್ಮೃತಿ ಎಳೆದಳು. ಅಪ್ಪಣ್ಣನ ಮೂಗಿನ ಮೇಲಿದ್ದ ಸೊಂಡಿಲು ಮೆಲ್ಲನೆ ಸುರುಳಿಯಾಗುತ್ತ ಮೇಲೆದ್ದು ಅವರ ಹಣೆಯ ಮುಂದೆ ನಿಂತಿತು. ಬಿಟ್ಟರೆ ಇಳಿಯಿತು. ಎಳೆದರೆ ಮತ್ತೆ ಎದ್ದಿತು.

ಉಷಾರಾಣಿ ಕೂತಲ್ಲಿಂದ ಎದ್ದೇಬಿಟ್ಟಳು. ಅಂಬುಜಮ್ಮ ಸೆರಗು ಬಾಯಿಗೆ ಹಿಡಿದು ನಕ್ಕರು. "ಏನಾಗ್ತೈತೆ ಅಲ್ಲಿ, ನಂಗೆ ಕಾಣಿಸ್ತಿಲ್ಲ," ಎಂದು ಅಪ್ಪಣ್ಣ ಕೇಳುತ್ತಲೇ ಇದ್ದರು. ಕೊನೆಗೆ ಅವರನ್ನು ಕನ್ನಡಿಯ ಮುಂದೆ ನಿಲ್ಲಿಸಿದರು. ಅವರು ಲಾಡಿಯನ್ನು ತಾವೇ ಎಳೆದು ಬಿಟ್ಟು, ಎಳೆದು ಬಿಟ್ಟು, ಯಾರಿಗೂ ಕೊಡಲು ಮನಸ್ಸಿಲ್ಲದವರ ಹಾಗೆ ನಿಂತರು.

ಒಂದು ಕಿವಿ ಮುಗಿದಿತ್ತು. ಇನ್ನೊಂದು ಬೆಳಿಗ್ಗೆಗೆ ಎಂದು ಅಂಬುಜಮ್ಮ ಎಲ್ಲರನ್ನೂ ಎಬ್ಬಿಸಿ ಮಲಗಲು ಕಳಿಸಿದರು.

ಮರುದಿನ ಬೆಳಿಗ್ಗೆ ಸ್ಮೃತಿ ಮತ್ತು ಉಷಾರಾಣಿ ರಾಯಕೋಟೆ ಬಸ್ಸು ಹಿಡಿದರು. ಸೊಂಡಿಲು, ಒಂದು ಕಿವಿ ಹೊಲಿದಿದ್ದ ಟೋಪಿ ಸ್ಮೃತಿಯ ಮಡಿಲಲ್ಲಿತ್ತು. ಎರಡನೇ ಕಿವಿ ಉಷಾರಾಣಿಯ ಪೆನ್ಸಿಲ್ಲುಗಳ ಮೇಲಿತ್ತು. ಉದ್ದನಪಲ್ಲಿಯಲ್ಲಿ ಇಳಿದಾಗ ವ್ಯಾನ್ ಆಗಲೇ ರಸ್ತೆ ಬದಿಗೆ ಕಾದಿತ್ತು. ಕಿಟಕಿಗಳ ತುಂಬ ಮಕ್ಕಳ ತಲೆ. ಸ್ಮೃತಿ ಹತ್ತಿದವಳೇ ಟೋಪಿಯನ್ನು ಹರ್ಷಿತಾಳ ತಲೆಗೆ ಹಾಕಿ ಲಾಡಿಯನ್ನು ಅವಳ ಕೈಗಿಟ್ಟಳು.

"ಎಳಿ."

ಹರ್ಷಿತಾ ಎಳೆದಳು. ವ್ಯಾನಿನಲ್ಲಿ ಎದ್ದ ಸದ್ದಿಗೆ, ಆಗಷ್ಟೇ ಹೊರಟಿದ್ದ ಡ್ರೈವರ್ ಪಾಪಣ್ಣ ಬ್ರೇಕ್ ಮೇಲೆ ಕಾಲಿಟ್ಟು ಹಿಂದಕ್ಕೆ ತಿರುಗಿದ. ಅವನೂ ನೋಡಿದ. "ಅಯ್ಯಪ್ಪ, ನಿಜವಾದ್ದೇ ಬಂದಂಗೆ ಆಯ್ತಲ್ಲಾ," ಎಂದ.

ಉಷಾರಾಣಿ ಮಾತ್ರ ತಲೆಯೆತ್ತಲಿಲ್ಲ. ವ್ಯಾನ್ ರಾಯಕೋಟೆಯ ಕಡೆ ಓಡುತ್ತಿತ್ತು, ಅವಳು ಗುಂಡಿ ಬಂದಾಗೆಲ್ಲ ಪೆನ್ಸಿಲ್ ಮೇಲೆತ್ತಿ, ದಾಟಿದ ಮೇಲೆ ಮತ್ತೆ ಹೆಣೆಯುತ್ತಿದ್ದಳು. ಉಂಡೆ ನೆಲ್ಲಿಕಾಯಿಯಷ್ಟಾಯಿತು. ಆಮೇಲೆ ಉಂಡೆಯೇ ಇರಲಿಲ್ಲ, ಮಡಿಲಲ್ಲಿ ಗುಂಗುರು ದಾರದ ಒಂದು ತುಂಡು ಬಿದ್ದಿತ್ತು. ರಾಯಕೋಟೆ ದಾಟುವ ಹೊತ್ತಿಗೆ ಅದೂ ಮುಗಿಯಿತು. ಕಿವಿ ಮೂರರಲ್ಲಿ ಎರಡು ಪಾಲು ಆಗಿತ್ತು.

"ಅಕ್ಕ," ಎಂದಳು ಉಷಾರಾಣಿ. ಅವಳ ದನಿ ಕೇಳಿಯೇ ಸ್ಮೃತಿಗೆ ತಿಳಿಯಿತು. "ಮೂರು ಎಳೆ ಹಾಕಿದ್ದಕ್ಕೇ ಹಿಂಗಾಯ್ತು."

ಸ್ಮೃತಿ ಚೀಲವನ್ನು ತಲೆಕೆಳಗು ಮಾಡಿದಳು. ರಾಮಮೂರ್ತಿ ತಮ್ಮ ಕುತ್ತಿಗೆಯ ಕಂದು ಮಫ್ಲರನ್ನು ಬಿಚ್ಚಿ ಮುಂದೆ ಹಿಡಿದರು. ಅಂಗಡಿಯದು ಅದು, ಮಿಷನ್ನಿನಲ್ಲಿ ನೇಯ್ದದ್ದು, ಬಿಚ್ಚಲು ಬರುವಂಥದ್ದಲ್ಲ. ಕೃಷ್ಣಗಿರಿಯ ಬೆಟ್ಟ ಆಗಲೇ ಎದುರಿಗೆ ಕಾಣುತ್ತಿತ್ತು.

ಹರ್ಷಿತಾ ಮುಗಿಯದ ಕಿವಿಯನ್ನು ಕೈಗೆ ತೆಗೆದುಕೊಂಡು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಟೀಚರ್, ನಮ್ಮ ಹೊಲಕ್ಕೆ ಬತ್ತದಲ್ಲ, ಆ ಆನೆಗೂ ಒಂದು ಕಿವಿ ಹಿಂಗೇ ಐತೆ. ಹರಿದೋಗೈತೆ. ಹಿಂದಿನ ಸಲ ಬಂದಾಗ ನಾನು ಅಟ್ಟಣೆ ಮೇಲಿಂದ ನೋಡ್ದೆ. ನಮ್ಮಜ್ಜಿ ಅದನ್ನ ಮೊಂಡುಗಿವಿ ಅಂತಾಳೆ."

"ಎಲ್ಲಿ ಹರಿದೈತೆ, ಮೇಲಾ ಕೆಳಗಾ?" ಎಂದು ಉಷಾರಾಣಿ ಕೇಳಿದಳು. ಅವಳ ಬೆರಳು ಆಗಲೇ ಪೆನ್ಸಿಲ್ ಹುಡುಕುತ್ತಿತ್ತು.

"ಕೆಳಗಡೆ. ಓರೆಯಾಗಿ."

ಉಷಾರಾಣಿ ಎರಡು ಸಾಲು ಬಿಚ್ಚಿದಳು. ಸಿಕ್ಕ ದಾರದಲ್ಲಿ ಒಂದು ಕಡೆಯ ಕುಣಿಕೆಗಳನ್ನು ಮೊದಲು ಮುಚ್ಚಿ, ಇನ್ನೊಂದು ಕಡೆಗೆ ಓರೆಯಾಗಿ ಸಾಗಿ ಅಂಚು ಮುಗಿಸಿದಳು. ಉಳಿದ ಬಾಲದಿಂದಲೇ ಕಿವಿಯನ್ನು ಟೋಪಿಗೆ ಹೊಲಿದಳು. ವ್ಯಾನ್ ಕೃಷ್ಣಗಿರಿಯ ವೃತ್ತದಲ್ಲಿ ತಿರುಗುವಾಗ ಹಲ್ಲಿನಿಂದ ದಾರ ಕಡಿದು, ಸೀಸದ ಮಸಿ ಹತ್ತಿದ ಎರಡೂ ಕೈಯನ್ನು ಮೇಲೆತ್ತಿದಳು. ಮಕ್ಕಳು ಸೀಟುಗಳ ಮೇಲೆ ಹತ್ತಿ ಕೂಗಿದರು. ಹರ್ಷಿತಾ ಕನ್ನಡಿ ಕೇಳಿ, ಡ್ರೈವರ್ ಪಕ್ಕದ ಕನ್ನಡಿಯಲ್ಲಿ ಇಣುಕಿ, "ಅದೇ ಟೀಚರ್. ಮೊಂಡುಗಿವಿನೇ," ಎಂದಳು.

ಸಭಾಂಗಣದಲ್ಲಿ ಜನ ಕಿಕ್ಕಿರಿದಿದ್ದರು. ಒಂದು ತಂಡ ಇಳಿಯುವುದರೊಳಗೆ ಇನ್ನೊಂದು ತಂಡ ಹತ್ತುತ್ತಿತ್ತು. "ಸೀಕ್ರಂ ವಾಂಗ, ಸೀಕ್ರಂ," ಎಂದು ಬೇಗ ಬರಲು ಹೇಳುತ್ತ ಕಾರ್ಯಕರ್ತರು ಮಕ್ಕಳನ್ನು ವೇದಿಕೆಗೆ ದಬ್ಬಿದರು. ಸ್ಮೃತಿ ಪರದೆಯ ಪಕ್ಕ ನಿಂತಳು, ಉಷಾರಾಣಿ ಅವಳ ಮುಂಗೈಯನ್ನು ಗಟ್ಟಿಯಾಗಿ ಹಿಡಿದಿದ್ದಳು.

ಆನೆ ವೇದಿಕೆಗೆ ಬಂದಾಗ ಮುಂದಿನ ಸಾಲುಗಳಲ್ಲಿ ಸ್ವಲ್ಪ ನಗು ಎದ್ದಿತು. ಹರ್ಷಿತಾ ಲೆಕ್ಕಿಸಲಿಲ್ಲ. ಬೆನ್ನು ಬಗ್ಗಿಸಿ, ಒಂದೊಂದೇ ಹೆಜ್ಜೆ ಎಣಿಸುವ ಹಾಗೆ ನಡೆದಳು. ತಲೆ ಆಡಿಸಿದ ಕಡೆಗೆಲ್ಲ ಸೊಂಡಿಲು ತೂಗಿತು, ಮೊಂಡು ಕಿವಿ ಅಲುಗಿತು. ಊರವರಾದ ಮಕ್ಕಳು ಡಬ್ಬ ಬಡಿದರು. ಆನೆ ಕದಲಲಿಲ್ಲ. ಗುಂಡಿಯ ಕಡೆ ತಿರುಗಿ ಸೊಂಡಿಲನ್ನು ಅರ್ಧ ಎತ್ತಿ ಇಳಿಸಿತು, ಮತ್ತೆ ಎತ್ತಿ ಇಳಿಸಿತು. ಅಷ್ಟು ಹೊತ್ತಿಗೆ ನಗುವವರು ಯಾರೂ ಇರಲಿಲ್ಲ. ಕನ್ನಡ ಬಾರದವರೂ ಏನಾಗುತ್ತಿದೆ ಎಂದು ತಿಳಿದು ಕತ್ತು ಚಾಚಿದ್ದರು. ಹಿಂದಿನ ಸಾಲಿನಲ್ಲಿ ಯಾರೋ "ಕುಟ್ಟಿ ಉಳ್ಳೆ ಇರುಕ್ಕು," ಮರಿ ಒಳಗಿದೆ, ಎಂದು ಪಕ್ಕದವರಿಗೆ ಹೇಳಿದ್ದು ಸ್ಮೃತಿಗೆ ಕೇಳಿಸಿತು.

ಮರಿ ಹೊರಬಂತು. ತಾಯಿ ಆನೆ ಕಾಡಿನ ಕಡೆಗೆ ನಡೆದು, ತಿರುಗಿ ನಿಂತು ಲಾಡಿ ಎಳೆಯಿತು. ಸೊಂಡಿಲು ಸುರುಳಿಯಾಗಿ ಹಣೆಯ ಮೇಲಕ್ಕೆದ್ದಿತು. ಇಳಿಯಬೇಕಾದಾಗ ಇಳಿಯಲಿಲ್ಲ. ಲಾಡಿ ಎಲ್ಲೋ ಸಿಕ್ಕಿಕೊಂಡಿತ್ತು. ಉಷಾರಾಣಿಯ ಉಗುರು ಸ್ಮೃತಿಯ ಕೈಗೆ ನಾಟಿತು. ಹರ್ಷಿತಾ ಒಂದು ಸಲ ಜಗ್ಗಿ ನೋಡಿದಳು, ಬಿಟ್ಟಳು. ಎತ್ತಿದ ಸೊಂಡಿಲನ್ನು ಹಾಗೇ ಹೊತ್ತು, ಜನರ ಕಡೆಗೆ ಮುಖ ಮಾಡಿಕೊಂಡೇ, ಹಿಂದಡಿಯಿಟ್ಟು ಮೆಲ್ಲಗೆ ಪರದೆಯೊಳಗೆ ಸರಿದಳು. ಹಾಗೆ ಆಡೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ.

ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಪರದೆಯ ಹಿಂದೆ ಸ್ಮೃತಿ, ಉಷಾರಾಣಿ, ಹರ್ಷಿತಾ ಒಬ್ಬರನ್ನೊಬ್ಬರು ಹಿಡಿದುಕೊಂಡು ಕುಣಿದರು. ಮೊದಲ ಬಹುಮಾನ ಕೃಷ್ಣಗಿರಿಯ ಶಾಲೆಯೊಂದರ ತಮಿಳು ನಾಟಕಕ್ಕೆ ಹೋಯಿತು. ಎರಡನೆಯದು ಇವರಿಗೆ. ರಾಮಮೂರ್ತಿ ಫಲಕವನ್ನು ಎದೆಗವಚಿಕೊಂಡು, ಎರಡನೆಯದೋ ಮೊದಲನೆಯದೋ ಎಂಬ ಭೇದವೇ ಇಲ್ಲದವರಂತೆ ಸಿಕ್ಕವರಿಗೆಲ್ಲ ತೋರಿಸಿದರು.

ಹಿಂದಿರುಗುವಾಗ ರಾಯಕೋಟೆಯಲ್ಲಿ ಟೀಗೆ ನಿಂತರು. ಹರ್ಷಿತಾ ಟೋಪಿ ತೆಗೆಯಲು ಒಪ್ಪದೆ ಹಾಗೇ ಇಳಿದಳು. ಲಾಡಿಯ ಸಿಕ್ಕನ್ನು ಉಷಾರಾಣಿ ಬಿಡಿಸಿಕೊಟ್ಟಿದ್ದಳು. ಲಾರಿಯವರು ಲೋಟ ಹಿಡಿದು ನಿಂತು ನೋಡಿದರು. ಬಾಳೆಹಣ್ಣಿನ ಬುಟ್ಟಿಯ ಮುಂದೆ ಕೂತಿದ್ದ ಮುದುಕಿ ನರಸಮ್ಮ ಹುಡುಗಿಯನ್ನು ಹತ್ತಿರ ಕರೆದಳು. ಸೊಂಡಿಲಿನ ಮಡಿಕೆಗಳನ್ನು ಬೆರಳಿನಿಂದ ಸವರಿ ನೋಡಿ, ಬುಟ್ಟಿಯಿಂದ ಒಂದು ಹಣ್ಣು ಮುರಿದು ಅದರ ತುದಿಗೆ ಹಿಡಿದಳು. ಹರ್ಷಿತಾ ಕೈ ಚಾಚಿ ತೆಗೆದುಕೊಂಡಳು.

"ಎಲ್ಲಾರ ಮುಂದೂ ಎತ್ತಿದ್ಯಂತಲ್ಲಮ್ಮಾ," ಎಂದಳು ನರಸಮ್ಮ. ಟೀ ಅಂಗಡಿಯಲ್ಲಿ ಮಕ್ಕಳು ಆಗಲೇ ಎಲ್ಲ ಹೇಳಿಬಿಟ್ಟಿದ್ದರು. "ನನಗೂ ಒಂದು ಸಲ ಎತ್ತು." ಹೇಳಿ ಸೆರಗು ಹೊದ್ದು, ದೇವಸ್ಥಾನದ ಆನೆಯ ಆಶೀರ್ವಾದ ಬೇಡುವವರ ಹಾಗೆ ಕಣ್ಣು ಮುಚ್ಚಿ ತಲೆ ಬಗ್ಗಿಸಿದಳು.

ಹರ್ಷಿತಾ ಸ್ಮೃತಿಯ ಕಡೆ ನೋಡಿದಳು. ಸ್ಮೃತಿ ಹೂಂ ಎಂದು ತಲೆಯಾಡಿಸಿದಳು. ಹುಡುಗಿ ಲಾಡಿ ಎಳೆದು ಸೊಂಡಿಲನ್ನು ಎತ್ತಿ, ಬಗ್ಗಿ, ಮೆಲ್ಲಗೆ ಸಡಿಲ ಬಿಟ್ಟಳು. ಅದು ಒಂದೊಂದೇ ಮಡಿಕೆ ಬಿಚ್ಚುತ್ತ ಇಳಿದು ನರಸಮ್ಮನ ನೆತ್ತಿಯ ಮೇಲೆ ಕೂತಿತು. ಅವಳ ಹಿಂದೆ ಆಗಲೇ ಇಬ್ಬರು ಲಾರಿ ಡ್ರೈವರುಗಳು ಟೀ ಲೋಟ ಕೆಳಗಿಟ್ಟು ಸಾಲಾಗಿ ನಿಂತಿದ್ದರು.